ಬಸವನಹುಳುಗಳ ಕಟ್ಟು

ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಹೋದ ದಿನ ನಾನು ಹುಳದಕ್ಕನನ್ನು ಮೊದಲು ಕಂಡದ್ದು. ದಂತವೈದ್ಯರು ಸೆಟ್ಟನ್ನು ನನ್ನ ಬಾಯಿಗೆ ಕೂರಿಸಿ, ಮುಖದ ಮುಂದೆ ಕನ್ನಡಿ ಹಿಡಿದು, "ನೋಡಿ, ಎಷ್ಟು ಚಿಕ್ಕವರಾಗಿಬಿಟ್ರಿ!" ಎಂದರು. ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಬಲಗಡೆಯ ವಸಡಿಗೆ ಸೂಜಿ ಚುಚ್ಚಿದಂತಾಗಿ ಹಾಗೆಯೇ ಮುಚ್ಚಿಕೊಂಡೆ. ವೈದ್ಯರು ನಕ್ಕು, "ಹಿಂದಿನ ಕೋಣೆಗೆ ಹೋಗಿ. ಮಾಡಿದವರೇ ಅಲ್ಲಿದ್ದಾರೆ, ಸರಿ ಮಾಡಿಕೊಡ್ತಾರೆ" ಎಂದು ಬಾಗಿಲು ತೋರಿಸಿದರು.

ಹಿಂದಿನ ಕೋಣೆ ರೈಲುಡಬ್ಬಿಯ ಹಾಗೆ ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಇದ್ದ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಯನ್ನು ನೋಡುತ್ತಿತ್ತು. ಮೇಜು, ಕುರ್ಚಿ, ಗಡಿಯಾರ, ರೇಡಿಯೊ ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿಯ ಹುಡಿ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಊರಿನವರ ದವಡೆಗಳ ಅಚ್ಚುಗಳು, ಒಂದೊಂದಕ್ಕೂ ಒಂದೊಂದು ಹೆಸರಿನ ಚೀಟಿ. ಮಧ್ಯದಲ್ಲಿ ಸಣ್ಣ ದೀಪದ ಮೇಲೆ ಗುಲಾಬಿ ಬಣ್ಣದ ಮೇಣ ಕರಗುತ್ತಿತ್ತು. ಅದರ ಮುಂದೆ, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು, ದುಂಡುಮುಖದ ಹೆಂಗಸೊಬ್ಬರು ಕೂತಿದ್ದರು.

"ಬನ್ನಿ ಮೇಷ್ಟ್ರೇ" ಎಂದರು. ನನ್ನ ಕಸುಬು ತಿಳಿದದ್ದು ಹೇಗೆಂದು ನಾನು ಹುಬ್ಬೇರಿಸಿದೆ. ಆಕೆ ನನ್ನ ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ಕಣ್ಣಲ್ಲೇ ತೋರಿಸಿ, "ನಿವೃತ್ತಿ ಆದ್ಮೇಲೂ ಅದನ್ನ ಬಿಡೋಕಾಗಲಿಲ್ವಾ?" ಎಂದು ನಕ್ಕರು. ನನ್ನ ಹಲ್ಲುಗಳ ನಡುವೆ ನೀಲಿ ಕಾಗದದ ಚೂರೊಂದನ್ನು ಇಟ್ಟು, "ಕಚ್ಚಿ. ಇನ್ನೊಂದ್ಸಲ. ಸಿಟ್ಟು ಬಂದ ಹಾಗೆ ಕಚ್ಚಿ" ಎಂದರು. ಸೆಟ್ಟನ್ನು ತೆಗೆದು ನೋಡಿದರೆ ಒಂದು ಹಲ್ಲಿನ ತುದಿಗೆ ಮಾತ್ರ ಗಾಢವಾಗಿ ನೀಲಿ ಹತ್ತಿತ್ತು. ಅದನ್ನು ಸಣ್ಣ ಯಂತ್ರದಲ್ಲಿ ಒಂದಿಷ್ಟೇ ಉಜ್ಜಿದರು. ಮತ್ತೆ ಕಚ್ಚಿಸಿದರು, ಮತ್ತೆ ಉಜ್ಜಿದರು. ಚುಚ್ಚುವುದು ನಿಂತಿತು.

ಆಗ ನನ್ನ ಕಣ್ಣು ಹಲಗೆಯ ಮೇಲೆ ಬಿತ್ತು. ಎರಡು ದವಡೆಗಳಿಗೆ ಒರಗಿಸಿ ಬಣ್ಣಬಣ್ಣದ ಕಾರ್ಡುಗಳನ್ನು ನಿಲ್ಲಿಸಿದ್ದರು. ಪ್ರತಿಯೊಂದರಲ್ಲೂ ಒಂದು ಬಸವನಹುಳು. ಒಂದರ ಚಿಪ್ಪು ಕಬ್ಬಿಣದ್ದು, ಇನ್ನೊಂದಕ್ಕೆ ಕೊಂಬುಗಳ ತುದಿಯಲ್ಲಿ ಲಾಂದ್ರ, ಮತ್ತೊಂದಂತೂ ಬೆಟ್ಟದಷ್ಟು ದೊಡ್ಡದು. ಅದರ ಬೆನ್ನ ಮೇಲೆ ಮರಗಳೇ ಬೆಳೆದಿದ್ದವು.

"ಮನೆಯಲ್ಲಿ ಮಕ್ಕಳಿದ್ದಾರೋ?" ಎಂದೆ.

"ಅವು ನನ್ನವೇ ಮೇಷ್ಟ್ರೇ. ಇವರಲ್ಲಿ ಒಬ್ಬರನ್ನ ಕಟ್ಟಿನಿಂದ ಬಿಡಬೇಕು. ಬೆಳಿಗ್ಗೆಯಿಂದ ಮುಖ ನೋಡ್ತಾ ಇದ್ದೀನಿ, ಮನಸ್ಸೇ ಬರ್ತಿಲ್ಲ."

ನಮ್ಮ ಸ್ನೇಹ ಹಾಗೆ ಶುರುವಾಯಿತು. ಊರಿನಲ್ಲಿ ಹಲ್ಲು ಕಟ್ಟಿಸಿಕೊಂಡವರಿಗೆಲ್ಲ ಆಕೆಯ ಕೈಚಳಕ ಗೊತ್ತು. ಹತ್ತಿರದವರಿಗೆ ಮಾತ್ರ ಆಕೆ ಹುಳದಕ್ಕ. ಗಂಡ ರೈಲಿನ ಗಾರ್ಡು, ವಾರದಲ್ಲಿ ಅರ್ಧದಷ್ಟು ದಿನ ಊರಾಚೆ. ಮನೆಯಲ್ಲಿ ಅತ್ತೆ. ಈ ಅತ್ತೆ ಒಂದು ಕಾಲದಲ್ಲಿ ಮಾರುಕಟ್ಟೆಯಲ್ಲಿ ಮೀನು ಮಾರಿದವರು. ಕೂತಲ್ಲಿಂದ ಕರೆದರೆ ಮೂರನೆಯ ಬೀದಿಯವರು ಓಗೊಡುವಂಥ ಗಂಟಲು.

ಆಟದ ಹೆಸರು ಕೋಟೆಕಾಳಗ. ಅರಿಯದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಇಬ್ಬರು ಎದುರುಬದುರು ಕೂಡುತ್ತಾರೆ. ಒಬ್ಬೊಬ್ಬರ ಮುಂದೆಯೂ ಕೋಟೆಯೆಂದು ಒಂದಿಷ್ಟು ಕಲ್ಲು. ಕೈಯಲ್ಲಿ ತಾವೇ ಆರಿಸಿ ಜೋಡಿಸಿಕೊಂಡ ಕಾರ್ಡುಗಳ ಕಟ್ಟು. ಪಾಳಿ ಬಂದಾಗಲೆಲ್ಲ ಅದರಿಂದ ಒಂದು ಕಾರ್ಡು ಎಳೆಯಬೇಕು. ಕಾರ್ಡುಗಳಲ್ಲಿ ಕೆಲವು ದೀಪಗಳು. ದೀಪಗಳನ್ನು ಹೊತ್ತಿಸಿದಷ್ಟೂ ದೊಡ್ಡ ದೊಡ್ಡ ಜೀವಿಗಳನ್ನು ಕಣಕ್ಕೆ ಕರೆಯಬಹುದು. ಉಳಿದವು ಜೀವಿಗಳು ಮತ್ತು ಮಂತ್ರಗಳು. ಎದುರಾಳಿಯ ಕಲ್ಲುಗಳನ್ನೆಲ್ಲ ಉರುಳಿಸಿದವರಿಗೆ ಜಯ. ಕಟ್ಟಿನ ಗಾತ್ರಕ್ಕೆ ಮಿತಿಯುಂಟು. ಹೊಸದೊಂದು ಕಾರ್ಡು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕು. ಈ ಆಟದ ಸುಖದುಃಖವೆಲ್ಲ ಆ ಒಂದು ನಿಯಮದಲ್ಲಿದೆ.

ಆಡುವವರೆಲ್ಲ ಹುಲಿ, ಹದ್ದು, ಬೆಂಕಿಯುಗುಳುವ ಸರ್ಪ ಎಂದು ಹುಡುಕುವಾಗ ಈಕೆ ಬಸವನಹುಳುವಿಗೆ ಮನಸೋತಿದ್ದಳು. (ಆಕೆ ನನ್ನನ್ನು ಅಪ್ಪನ ಸ್ಥಾನದಲ್ಲಿಟ್ಟುಕೊಂಡ ಮೇಲೆ ನಾನು ಏಕವಚನಕ್ಕೆ ಇಳಿದೆ.) ಹುಳುವಿನ ಕಾರ್ಡು ಸಿಕ್ಕವರು ಮೂಗು ಮುರಿದು, "ತಗೋ ಅಕ್ಕ, ನಿನ್ನ ನೆಂಟರು ಬಂದ್ರು" ಎಂದು ಆಕೆಯ ಮಡಿಲಿಗೆ ಹಾಕುತ್ತಿದ್ದರು. ಯಾರಿಗೂ ಬೇಡದವನ್ನು ಹೀಗೆ ಒಂದೊಂದಾಗಿ ಕೂಡಿಸಿ ಕಟ್ಟಿದ ಕಟ್ಟು ಅದು. ಹುಳುಗಳು ನಿಧಾನ, ಹೊಡೆತವೂ ಮೆದು. ಆದರೆ ಚಿಪ್ಪು ಗಟ್ಟಿ. ಅವು ನಡೆದ ದಾರಿಯಲ್ಲಿ ಲೋಳೆ ಉಳಿಯುತ್ತದೆ; ಲೋಳೆಹಾದಿ ಎಂಬ ಕಾರ್ಡನ್ನು ಇಟ್ಟರಂತೂ ಎದುರಾಳಿಯ ಓಡುವ ಪ್ರಾಣಿ ಅದರಲ್ಲಿ ಸಿಕ್ಕಿಕೊಂಡು ಒದ್ದಾಡುತ್ತದೆ. ಹೊತ್ತು ಸಾಕಷ್ಟು ಸಿಕ್ಕರೆ ಕೊನೆಗೆ ಆ ಬೆಟ್ಟದ ಹುಳು ಬರುತ್ತದೆ. ಅದು ಬಂದರೆ ಯಾವ ಕೋಟೆಯೂ ನಿಲ್ಲದು. ತೊಂದರೆ ಇಷ್ಟೇ: ಬೆಟ್ಟ ಬರುವ ಹೊತ್ತಿಗೆ ಹುಳದಕ್ಕನ ಕೋಟೆಯೇ ನೆಲ ಕಚ್ಚಿರುತ್ತಿತ್ತು.

ಪ್ರತಿ ಗುರುವಾರ ಸಂಜೆ ಸೈಕಲ್ ಅಂಗಡಿಯ ಮಹಡಿಯ ಮೇಲೆ ಆಟಗಾರರು ಸೇರುತ್ತಿದ್ದರು. ಟೈರು, ಟ್ಯೂಬುಗಳ ರಬ್ಬರು ವಾಸನೆಯ ನಡುವೆ ಮಡಿಸುವ ಮೇಜುಗಳು. ಕೂಟದ ಹಿರಿಯ ಆ ಅಂಗಡಿಯವನೇ, ಎಲ್ಲರಿಗೂ ಸೈಕಲಣ್ಣ. ಅವನೇ ಮಾಡಿದ ಪದ್ಧತಿಯೊಂದು ಅಲ್ಲಿತ್ತು. ವರ್ಷದ ಕೊನೆಯ ಗುರುವಾರ 'ಬಿಚ್ಚುವ ದಿನ'. ಆ ವರ್ಷ ಎಲ್ಲರಿಗಿಂತ ಕೆಳಗೆ ಉಳಿದವರು ತಮ್ಮ ಕಟ್ಟನ್ನು ಎಲ್ಲರೆದುರು ಬಿಚ್ಚಿ ಮೇಜಿನ ಮೇಲೆ ಹರವಬೇಕು. ಬಂದವರು ತಲಾ ಒಂದು ಕಾರ್ಡು ಆರಿಸಿಕೊಳ್ಳುತ್ತಾರೆ. ಉಳಿದವು ಹೊಸಬರು ಕಲಿಯಲೆಂದು ಇಟ್ಟ ಪೆಟ್ಟಿಗೆಗೆ. ಸೋತವರು ಬೇರೊಂದು ಜೀವಿಯನ್ನು ಹಿಡಿದು ಮೊದಲಿನಿಂದ ಕಟ್ಟಬೇಕು. "ಒಂದೇ ಕಟ್ಟನ್ನ ತಬ್ಬಿಕೊಂಡು ವರ್ಷವಿಡೀ ಅಳೋದು ಬೇಡ ಅಂತ" ಎಂಬುದು ಸೈಕಲಣ್ಣನ ವಾದ. ಈ ಪದ್ಧತಿಗೆ ಎಲ್ಲರಿಗಿಂತ ಮೊದಲು ಕೈಯೆತ್ತಿ ಒಪ್ಪಿದವಳು ಹುಳದಕ್ಕ. ಆಗ ಅವಳ ಹುಳುಗಳು ಪಟ್ಟಿಯ ನಡುಮಧ್ಯದಲ್ಲಿ ಹಾಯಾಗಿದ್ದವು.

ನನ್ನ ಪರಿಚಯವಾದ ವರ್ಷ ಅವು ಜಾರುತ್ತ ಜಾರುತ್ತ ತಳಕ್ಕೆ ಬಂದಿದ್ದವು. ಬಿಚ್ಚುವ ದಿನಕ್ಕೆ ಕೆಲವೇ ವಾರ ಉಳಿದಿತ್ತು. ಅದಕ್ಕೇ ಆ ದಿನ ದವಡೆಗಳ ನಡುವೆ ಕಾರ್ಡು ನಿಲ್ಲಿಸಿಕೊಂಡು ಕೂತದ್ದು.

ಅವಳು ಕಟ್ಟನ್ನು ತಿದ್ದುವ ಬಗೆಯೇ ಬೇರೆ. ಸಂಜೆ ಊಟವಾದ ಕೂಡಲೇ ಅತ್ತೆಯೊಂದಿಗೆ ಒಂದಾಟ. ಮುಗಿದ ಮೇಲೆ ಯಾವ ಕಾರ್ಡು ಆಡಲಾಗದೆ ಕೈಯಲ್ಲೇ ಉಳಿಯಿತು, ಯಾವುದು ತಡವಾಗಿ ಬಂತು ಎಂದು ನೋಡುವುದು. ಅದನ್ನು ತೆಗೆದು ಬೇರೊಂದನ್ನು ಇಟ್ಟು ಮರುದಿನ ಮತ್ತೆ ಒಂದಾಟ. ಕಚ್ಚಿಸಿ, ನೋಡಿ, ಒಂದಿಷ್ಟು ಉಜ್ಜಿ, ಮತ್ತೆ ಕಚ್ಚಿಸಿದ ಹಾಗೆಯೇ. ಒಂದೇ ಸಲ ನಾಲ್ಕು ಕಾರ್ಡು ಬದಲಿಸುವವರನ್ನು ಕಂಡರೆ ಅವಳಿಗೆ ಆಗದು.

ನಾನೊಮ್ಮೆ ಅವರ ಮನೆಗೆ ಹೋದಾಗ ಅಂಥ ಒಂದು ಆಟ ನಡೆದಿತ್ತು. ಕೋಟೆಯ ಕಲ್ಲುಗಳೆಂದು ಇಬ್ಬರ ಮುಂದೆಯೂ ಇದ್ದದ್ದು ಬಣ್ಣ ಹೊಂದದೆ ಉಳಿದುಹೋದ ಕೃತಕ ಹಲ್ಲುಗಳು! ಅತ್ತೆಯದು ಕಾಡುಹಂದಿಗಳ ಕಟ್ಟು. ಹಂದಿ ಕೈಗೆ ಬಂದರೆ ಸಾಕು, ಹಿಂದುಮುಂದು ನೋಡದೆ ನುಗ್ಗಿಸುವುದೊಂದೇ ಅವರಿಗೆ ಗೊತ್ತು.

"ಹೊಡೆದೆ! ನಿನ್ನ ಎರಡು ಹಲ್ಲು ಉದುರಿದ್ವು ಕಣೇ!"

"ಸ್ವಲ್ಪ ಯೋಚನೆ ಮಾಡಿ ಆಡಿ ಅತ್ತೆ."

"ಯೋಚನೆ ಮಾಡ್ತಾ ಕೂತಿದ್ರೆ ನನ್ನ ಮೀನು ಎಲ್ಲಾ ಕೊಳೆತುಹೋಗ್ತಿತ್ತು. ಮೇಷ್ಟ್ರೇ, ನೀವೇ ಹೇಳಿ, ಹುಳ ಕಟ್ಕೊಂಡು ಯಾರಾದ್ರೂ ಯುದ್ಧಕ್ಕೆ ಹೋಗ್ತಾರಾ?"

"ನಿಮ್ಮನೆ ಜಗಳಕ್ಕೆ ನನ್ನ ಎಳೀಬೇಡಿ" ಎಂದೆ. ಗಾರ್ಡು ಮಹಾಶಯ ಪೇಪರಿನ ಹಿಂದಿನಿಂದಲೇ, "ಅದಕ್ಕೇ ನಾನು ಆಟ ಕಲೀಲಿಲ್ಲ. ಯಾರ ಪಕ್ಷ ಹಿಡಿದ್ರೂ ನನಗೆ ಊಟ ಇಲ್ಲ" ಎಂದ.

ದಿನಗಳೆದಂತೆ ಹುಳುಗಳು ಚುರುಕಾದವು. ಲಾಂದ್ರದ ಹುಳು ಹೊರಗೆ ಹೋಯಿತು, ಲೋಳೆಹಾದಿಯ ಕಾರ್ಡುಗಳು ಒಂದಾದ ಮೇಲೊಂದು ಒಳಗೆ ಬಂದವು. ಅತ್ತೆಯ ಹಂದಿಗಳು ಲೋಳೆಯಲ್ಲಿ ಜಾರಿ ಒಂದರ ಮೇಲೊಂದು ಬೀಳತೊಡಗಿದವು. ಬೆಟ್ಟದ ಹುಳು ಗಜಗಮನದಲ್ಲಿ ಬಂದು ಅತ್ತೆಯ ಹಲ್ಲುಗಳನ್ನೆಲ್ಲ ಉದುರಿಸಿಬಿಟ್ಟಿತು. ಅತ್ತೆ ಕಾರ್ಡು ಎಸೆದು, "ಬೀದಿಯಲ್ಲಿ ಎಣ್ಣೆ ಚೆಲ್ಲಿ ಬೀಳಿಸಿದ ಹಾಗಾಯ್ತು, ಇದೂ ಒಂದು ಆಟವಾ!" ಎಂದು ಕೂಗಾಡಿದರಂತೆ. ಮರುದಿನವೂ ಸೊಸೆಯೇ ಗೆದ್ದಳು, ಅದರ ಮರುದಿನವೂ. ಸೆಟ್ಟು ತೊಳೆಸುವ ನೆಪದಲ್ಲಿ ನಾನು ಹೋದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. "ಕೂತುಬಿಟ್ಟಿದೆ ಮೇಷ್ಟ್ರೇ. ಎಲ್ಲೂ ಚುಚ್ಚಲ್ಲ, ಎಲ್ಲೂ ಸಡಿಲ ಇಲ್ಲ" ಎಂದಳು.

ಆ ಗುರುವಾರ ಅವಳಿಗೆ ಎದುರಾದವನು ಕನ್ನಡಕದಣ್ಣ. ಕನ್ನಡಕದ ಅಂಗಡಿಯವನು, ಮೆಲುಮಾತಿನ, ಅವಸರವೇ ಅರಿಯದ ಮನುಷ್ಯ. ಅವನದು ಗೂಬೆಗಳ ಕಟ್ಟು. ಗೂಬೆಯೆಂದರೆ ನಮ್ಮಲ್ಲಿ ಬೈಗುಳವೆಂದು ಗೊತ್ತಿದ್ದೂ ಅವನು ಅದನ್ನೇ ಹಿಡಿದಿದ್ದ, "ಗೂಬೆ ಅಂತ ಯಾರು ಬೈದರೂ ನನ್ನ ಹಕ್ಕಿಯನ್ನ ಹೆಸರು ಹಿಡಿದು ಕರೆದ ಹಾಗಾಯ್ತು" ಎಂದು ನಗುತ್ತಿದ್ದ. ಗೂಬೆಗಳು ನುಗ್ಗುವುದಿಲ್ಲ. ಕೊಂಬೆಯ ಮೇಲೆ ಕೂತು ಕಾಯುತ್ತವೆ. ಹುಳದಕ್ಕ ಲೋಳೆಯ ಮೇಲೆ ಲೋಳೆ ಹಾಸಿದಳು. ಅದರ ಮೇಲೆ ನಡೆಯುವವರೇ ಯಾರೂ ಇಲ್ಲ! ಕೈತುಂಬ ಲೋಳೆ, ಕಣದಲ್ಲಿ ಬಡ ಹುಳು ಎರಡು. ಕನ್ನಡಕದಣ್ಣ ಗಾಜೊರೆಸುತ್ತ, ಒರೆಸುತ್ತ, ದೀಪಗಳನ್ನೆಲ್ಲ ಹೊತ್ತಿಸಿಕೊಂಡು, ಕೊನೆಗೆ ಎಲ್ಲ ಗೂಬೆಗಳನ್ನೂ ಒಮ್ಮೆಲೇ ಹಾರಿಬಿಟ್ಟ. ಗೂಬೆಗೆ ಲೋಳೆಯೇನು ಲೆಕ್ಕ?

ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ ಸೊಸೆಯಿಂದ ಎಲ್ಲವನ್ನೂ ಕೇಳಿದ ಅತ್ತೆ ಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಹತ್ತಿರ ಕೂರಿಸಿಕೊಂಡು ಹೇಳಿದರಂತೆ: "ಅಲ್ಲ ಕಣೇ ಮಗಳೇ, ದಿನಾ ನನ್ನ ಕೈಲೇ ಕಚ್ಚಿಸಿ ಕಚ್ಚಿಸಿ ಉಜ್ಜಿದ್ದೀಯ. ಅದು ನನ್ನ ಬಾಯಿಯ ಅಳತೆಗೆ ಮಾಡಿದ ಸೆಟ್ಟು. ಇನ್ನೊಬ್ಬರ ಬಾಯಿಗೆ ಹಾಕಿದ್ರೆ ಕೂರುತ್ತಾ?"

ಜೀವಮಾನವಿಡೀ ಒಂದೊಂದು ಬಾಯಿಗೆ ಒಂದೊಂದು ಸೆಟ್ಟು ಮಾಡಿದವಳು ತನ್ನ ಕಟ್ಟನ್ನೂ ಒಂದೇ ಬಾಯಿಗೆ ಹೊಂದಿಸಿಬಿಟ್ಟಿದ್ದಳು.

ಮರುದಿನವೇ ಅವಳು ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಎರಡು ಕಟ್ಟು.

"ಮೇಷ್ಟ್ರೇ, ನೀವು ನನ್ನ ಜೊತೆ ಆಡಬೇಕು."

"ನನಗೆ ಆಟ ಬರೋದಿಲ್ಲವಲ್ಲಮ್ಮ."

"ಅದೇ ಬೇಕಾಗಿರೋದು. ಅತ್ತೆ ಏನು ಮಾಡ್ತಾರೆ ಅಂತ ನನಗೆ ಮೊದಲೇ ಗೊತ್ತು. ನೀವು ಏನು ಮಾಡ್ತೀರಿ ಅಂತ ನಿಮಗೇ ಗೊತ್ತಿರಲ್ಲ."

ನಾನು ಕಲಿತೆ. ಕಲಿತದ್ದಕ್ಕಿಂತ ಕಲಸುಮೇಲೋಗರ ಮಾಡಿದ್ದೇ ಹೆಚ್ಚು. ಹುಲಿಯನ್ನು ಕೈಯಲ್ಲಿಟ್ಟುಕೊಂಡು ಇಲಿಯನ್ನು ಕಳಿಸಿದೆ. ನನ್ನ ಮಂತ್ರವನ್ನು ನನ್ನ ಕೋಟೆಯ ಮೇಲೆಯೇ ಪ್ರಯೋಗಿಸಿದೆ. ಆದರೂ ಅವಳಿಗೆ ಉಪಯೋಗವಾಯಿತೆಂದು ಕಾಣುತ್ತದೆ. ಪ್ರತಿ ಆಟದ ಕೊನೆಗೂ ಒಂದು ಲೋಳೆಹಾದಿ ಹೊರಗೆ ಹೋಗುತ್ತಿತ್ತು. ಅದರ ಜಾಗಕ್ಕೆ ಹಾರುವ ಜೀವಿಗಳನ್ನು ತಡೆಯುವ ಉದ್ದಕೊಂಬಿನ ಹುಳು, ಎಲ್ಲ ಹುಳುಗಳ ನಡೆಯನ್ನೂ ಚುರುಕುಗೊಳಿಸುವ ಜಡಿಮಳೆಯೆಂಬ ಮಂತ್ರ ಬಂದವು. ಆದರೆ ಕೊನೆಯ ಎರಡು ಲೋಳೆಹಾದಿಗಳ ಹತ್ತಿರ ಬಂದಾಗ ಅವಳ ಕೈ ನಿಂತಿತು.

"ಇವೂ ಹೋಗಲಿ" ಎಂದೆ.

"ಇವು ಹೋದರೆ ಅತ್ತೆ ಮತ್ತೆ ಗೆಲ್ತಾರೆ."

"ಬಿಚ್ಚೋದು ಅತ್ತೆ ಎದುರು ಸೋತರೆ ಅಲ್ಲವಲ್ಲ."

"ಬಿಚ್ಚೋದು ವರ್ಷಕ್ಕೊಂದು ದಿನ ಮೇಷ್ಟ್ರೇ. ಅತ್ತೆ ಜೊತೆ ಬಾಳೋದು ದಿನಾ" ಎಂದು ಎರಡನ್ನೂ ಕಟ್ಟಿಗೆ ಸೇರಿಸಿ ಮೇಲೆ ರಬ್ಬರ್‌ಬ್ಯಾಂಡು ಹಾಕಿದಳು. ಅಷ್ಟು ಕಷ್ಟಪಟ್ಟು ಗಳಿಸಿದ ಗೆಲುವನ್ನು ಮನೆಯಲ್ಲಿ ಕೈಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಬಿಚ್ಚುವ ದಿನ ಬಂತು. ಅವಳ ಮುಂದಿದ್ದ ಲೆಕ್ಕ ಸರಳ. ಕೊನೆಯ ಆಟ ಗೆದ್ದರೆ ಹುಳುಗಳು ಉಳಿಯುತ್ತವೆ, ಸೋತರೆ ಮೇಜಿನ ಮೇಲೆ ಹರಡುತ್ತವೆ. ಎದುರಿಗೆ ಮತ್ತೆ ಕನ್ನಡಕದಣ್ಣ. ನೋಡಲೆಂದು ನಾನೂ ಹೋಗಿದ್ದೆ. ಅತ್ತೆಯಂತೂ ಒಳ್ಳೆಯ ಸೀರೆಯುಟ್ಟು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಸೈಕಲಣ್ಣ ಅವರ ಕಿವಿಯ ಹತ್ತಿರ ಬಾಗಿ, "ಅಮ್ಮಾ, ಇಲ್ಲಿ ಕೂಗೋ ಹಾಗಿಲ್ಲ" ಎಂದ. "ನಾನು ಯಾವತ್ತಪ್ಪ ಕೂಗಿದ್ದೀನಿ?" ಎಂದು ಅವರು ಕೇಳಿದ್ದು ಕೆಳಗೆ ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಕೇಳಿಸಿತು.

ಈ ಸಲ ಹುಳುಗಳು ಚೆನ್ನಾಗಿಯೇ ಆಡಿದವು. ಉದ್ದಕೊಂಬಿನವು ಗೂಬೆಗಳನ್ನು ಕೊಂಬೆಯಿಂದ ಇಳಿಯಲು ಬಿಡಲಿಲ್ಲ. ಜಡಿಮಳೆ ಸುರಿಯಿತು, ಕಬ್ಬಿಣಚಿಪ್ಪಿನ ಹುಳು ಮುಂದೆ ಸರಿಯಿತು. ಎಂದೂ ಬೆವರದ ಕನ್ನಡಕದಣ್ಣ ಅಂದು ಹಣೆ ಒರೆಸಿಕೊಂಡ. ಇಬ್ಬರ ಕೋಟೆಯೂ ಮುಗಿಯುತ್ತ ಬಂದು, ಇತ್ತ ಒಂದೆರಡು ಕಲ್ಲು, ಅತ್ತ ಒಂದೆರಡು ಕಲ್ಲು ಉಳಿದವು. ಹುಳದಕ್ಕನ ಕೈಯಲ್ಲಿ ಬೆಟ್ಟದ ಹುಳು ಕಾಯುತ್ತಿತ್ತು. ಅದನ್ನು ಕರೆಯಲು ಇನ್ನೊಂದೇ ಒಂದು ದೀಪ ಸಾಕು. ಕಟ್ಟಿನಿಂದ ಕಾರ್ಡೊಂದನ್ನು ಎಳೆದಳು. ನೋಡಿದಳು. ನಿಧಾನವಾಗಿ ಮೇಜಿನ ಮೇಲೆ ಮಲಗಿಸಿದಳು.

ಲೋಳೆಹಾದಿ.

ಕಾರ್ಡು ಎಳೆಯುವ ಪಾಳಿ ಕನ್ನಡಕದಣ್ಣನಿಗೆ ಬಂತು, ಅವನ ಗೂಬೆಯೊಂದು ಹಾರಿತು, ಕೋಟೆ ಉರುಳಿತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾಗದೆ, "ಅಯ್ಯೋ ನನ್ನ ಕಂದ, ನನ್ನ ಮೇಲಿನ ಸೇಡಿಗೆ ಇಟ್ಟುಕೊಂಡಿದ್ದು ನಿನ್ನ ಕಾಲಿಗೇ ಸಿಕ್ಕಿಕೊಳ್ತಲ್ಲೇ!" ಎಂದರು. ಹುಳದಕ್ಕನೂ ನಕ್ಕಳು, ಆದರೆ ಕಣ್ಣು ತುಂಬಿತ್ತು.

ರಬ್ಬರ್‌ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ಅವಳು ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರವಿದಳು. ದವಡೆಗಳನ್ನು ಜೋಡಿಸುವ ಅದೇ ಜತನದಿಂದ, ಅಂಚಿಗೆ ಅಂಚು ಹೊಂದಿಸಿ. ಯಾರೂ ಕೈ ಚಾಚಲಿಲ್ಲ. ಸೈಕಲಣ್ಣ ಗಂಟಲು ಸರಿಮಾಡಿಕೊಂಡು, "ಅಕ್ಕಾ, ನೀನು ಬೇಡ ಅಂದ್ರೆ ಈ ಸಲಕ್ಕೆ..." ಎಂದು ರಾಗ ಎಳೆದ.

"ಏನು ಈ ಸಲಕ್ಕೆ? ಹೋದ ವರ್ಷ ನಿನ್ನ ಕುದುರೆಗಳನ್ನ ಹಂಚಿಕೊಂಡಾಗ ನಾವು ಬೇಡ ಅಂದ್ವಾ? ಆರಿಸ್ಕೊಳ್ಳಿ ಎಲ್ಲರೂ. ಆದರೆ ಕಾರ್ಡು ಮಡಚಬಾರದು, ಹೇಳಿದ್ದೀನಿ."

ಆಮೇಲೆ ನಡೆದದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಬೆಟ್ಟದ ಹುಳುವಿಗೆ ಮೂವರು ಒಮ್ಮೆಲೇ ಕೈಹಾಕಿದರು! ಕಬ್ಬಿಣಚಿಪ್ಪಿಗೆ ಸೈಕಲಣ್ಣನಿಗೂ ಪಕ್ಕದವನಿಗೂ ಜಟಾಪಟಿ. ಕಾರಣವಿಲ್ಲದೆ ಅಲ್ಲ, ಅಂದಿನ ಆಟವನ್ನು ಎಲ್ಲರೂ ಉಸಿರು ಬಿಗಿಹಿಡಿದು ನೋಡಿದ್ದರು. ಕೊನೆಗೆ ಚೀಟಿ ಎತ್ತಿ ಬೆಟ್ಟ ಕನ್ನಡಕದಣ್ಣನ ಪಾಲಾಯಿತು. ನೋಡಲು ಬಂದವರಿಗೂ ಒಂದೊಂದು ಎಂದಾಗ ನಾನು ಲಾಂದ್ರದ ಹುಳುವನ್ನು ಹುಡುಕಿದೆ, ಅದು ಮೊದಲೇ ಹೊರಗೆ ಹೋಗಿತ್ತು; ಉದ್ದಕೊಂಬಿನದನ್ನು ತೆಗೆದುಕೊಂಡೆ. ಅತ್ತೆ ಎಲ್ಲವನ್ನೂ ಬಿಟ್ಟು ಲೋಳೆಹಾದಿಯನ್ನೇ ಎತ್ತಿಕೊಂಡು ರವಿಕೆಯೊಳಗೆ ಸೇರಿಸಿದರು. "ಇದು ನನಗಾಗಿಯೇ ಇಟ್ಟಿದ್ದು, ನನ್ನ ಹತ್ತಿರವೇ ಇರಲಿ" ಎಂದರು.

ಮನೆಗೆ ಹೋಗುವಾಗ ಅವಳ ಚೀಲ ಹಗುರವಾಗಿತ್ತು. ಬೀದಿಯ ತಿರುವಿನಲ್ಲಿ ಇದ್ದಕ್ಕಿದ್ದಂತೆ, "ಕನ್ನಡಕದಣ್ಣ ಬೆಟ್ಟವನ್ನ ಹಾಳುಮಾಡ್ತಾನೆ ನೋಡಿ. ಅದಕ್ಕೆ ಮಳೆ ಬೇಕು, ಅವನ ಗೂಬೆಗಳಿಗೆ ಮಳೆ ಆಗಲ್ಲ" ಎಂದಳು. ಹೇಳುತ್ತಿದ್ದಂತೆಯೇ ಅವಳ ಮುಖ ಅರಳಿತು. ಬೇರೆಯವರ ಕಟ್ಟನ್ನು ಹೇಗೆ ತಿದ್ದಬೇಕೆಂಬ ಯೋಚನೆ ಅವಳಿಗೆ ಆಗಲೇ ಹತ್ತಿಕೊಂಡಿತ್ತು. ಅಂದಿನಿಂದ ಗುರುವಾರದ ಸಂಜೆ ಅವಳ ಮೇಜಿನ ಸುತ್ತ ಸಾಲು. ಹುಳು ಒಯ್ದವರೆಲ್ಲ ಅದನ್ನು ತಮ್ಮ ಕಟ್ಟಿನಲ್ಲಿ ಕೂರಿಸುವುದು ಹೇಗೆಂದು ಕೇಳಲು ಬರುತ್ತಾರೆ. ಅವಳು ಕೇಳುವ ಮೊದಲ ಪ್ರಶ್ನೆ ಒಂದೇ: "ಇದನ್ನ ಎಷ್ಟು ಜನರ ಜೊತೆ ಆಡಿ ನೋಡಿದ್ದೀರಿ?"

ಈಗ ಅವಳು ಏಡಿಗಳನ್ನು ಕೂಡಿಸುತ್ತಿದ್ದಾಳೆ. ಅತ್ತೆಯೂ ಕೂಟಕ್ಕೆ ಸೇರಿದ್ದಾರೆ. ಅವರ ಹಂದಿಗಳ ನಡುವೆ ಒಂದು ಲೋಳೆಹಾದಿ ಇದೆ, ಅದರಲ್ಲಿ ಅವರ ಹಂದಿಗಳೇ ಮೊದಲು ಜಾರಿಬೀಳುತ್ತವೆ. ಏಡಿಗಳ ಕಟ್ಟನ್ನು ಕಚ್ಚಿಸಿ ನೋಡಲು ಹುಳದಕ್ಕನಿಗೆ (ಹೆಸರು ಮಾತ್ರ ಹಾಗೆಯೇ ಉಳಿದಿದೆ) ಹೊಸ ಬಾಯಿಗಳು ಬೇಕು. ಅವು ಅವಳ ಕೋಣೆಯ ಹೊರಗಿನ ಬೆಂಚಿನ ಮೇಲೆಯೇ ದಿನವೂ ಸಾಲಾಗಿ ಕೂತಿರುತ್ತವೆ.

ಮೊನ್ನೆ ನಾನು ಹೋದಾಗ ಬೊಚ್ಚುಬಾಯಿಯ ಅಜ್ಜಿಯೊಬ್ಬರು ಅವಳ ಎದುರು ಕೂತಿದ್ದರು. ಒಂದು ಕಾಲದಲ್ಲಿ ಟೆಲಿಫೋನ್ ಕಚೇರಿಯಲ್ಲಿದ್ದವರಂತೆ. ಅಜ್ಜಿ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಯಾರೂ ಆಡದ ಕಡೆ ಆಡಿ, ಏಡಿಗಳ ಕೋಟೆಯನ್ನು ಉರುಳಿಸಿಬಿಟ್ಟರು. ಹುಳದಕ್ಕ ಸಂಭ್ರಮದಿಂದ ಮೇಜು ತಟ್ಟಿ, ಕಟ್ಟಿನಿಂದ ಒಂದು ಏಡಿಯನ್ನು ತೆಗೆದು ಪಕ್ಕಕ್ಕಿಟ್ಟಳು.

"ನನ್ನ ಹಲ್ಲು ಆಯ್ತೇನಮ್ಮ?" ಎಂದರು ಅಜ್ಜಿ.

"ಇನ್ನೊಂಚೂರು ಪಾಲಿಶ್ ಬಾಕಿ ಅಜ್ಜಿ. ಅಷ್ಟರೊಳಗೆ ಇನ್ನೊಂದಾಟ ಆಡೋಣ."

ಅಜ್ಜಿಯ ಸೆಟ್ಟು ಅವಳ ಮೊಣಕೈಯ ಪಕ್ಕದಲ್ಲೇ, ನೀರಿನ ಬಟ್ಟಲಿನಲ್ಲಿ, ಫಳಫಳ ಹೊಳೆಯುತ್ತಿತ್ತು. ಅವಳು ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ನಾನು ಏನೂ ಕಾಣದವನಂತೆ ಕುರ್ಚಿಯೊಂದನ್ನು ಎಳೆದುಕೊಂಡು, ಅಜ್ಜಿಯ ನಂತರದ ಪಾಳಿಗೆ ಕೂತೆ.